ತಲೆ ಇಲ್ಲದ ಕಂಪ್ಯೂಟರ್: ಮಾನಿಟರ್ ಇಲ್ಲದೆ ಹಳೇ ಪಿಸಿ ಓಡಿಸೋದು ಹೇಗೆ?

ಹೋದ ಸೆಮಿಸ್ಟರ್ ರಜೆಯಲ್ಲಿ ನಾವು ಮೂರು ಜನ ಸೇರಿ ಬೇಲೂರಿನ ಒಂದು ಫೋಟೊ ಸ್ಟುಡಿಯೊದಲ್ಲಿ ಮೂಲೆಗೆ ಬಿದ್ದಿದ್ದ ಹಳೇ ಕಂಪ್ಯೂಟರನ್ನ ಮಾನಿಟರ್ ಇಲ್ಲದೇನೇ ಓಡೋ ಹಾಗೆ ಮಾಡಿದ್ವಿ. ಯೂಟ್ಯೂಬ್‌ನಲ್ಲಿ ಇದನ್ನ ಹತ್ತು ನಿಮಿಷದ ಕೆಲಸ ಅಂತ ತೋರಿಸ್ತಾರೆ. ನಮಗೆ ಮೂರು ದಿನ ಹಿಡೀತು. ಎಲ್ಲೆಲ್ಲಿ ಎಡವಿದ್ವಿ, ಯಾಕೆ ಎಡವಿದ್ವಿ ಅಂತ ಬರೆದಿಟ್ಟರೆ ನಿಮ್ಮಲ್ಲಿ ಯಾರಿಗಾದ್ರೂ ಉಪಯೋಗಕ್ಕೆ ಬರುತ್ತೆ ಅಂತ ಈ ಲೇಖನ.

ಹಾಸ್ಟೆಲ್‌ನಲ್ಲಿ ಎಲ್ಲರನ್ನೂ ಊರಿನ ಹೆಸರಿಂದಲೇ ಕರೆಯೋ ಪದ್ಧತಿ ಇದೆಯಲ್ಲ, ಅದೇ ಲೆಕ್ಕದಲ್ಲಿ ನಾವು ಅರಸೀಕೆರೆ, ಬೇಲೂರು, ಹಳೇಬೀಡು. ಸ್ಟುಡಿಯೊ ಬೇಲೂರಿನವನ ಸೋದರಮಾವನದು. ಅವನಿಗೆ ಮಾವ, ನಮಗಿಬ್ಬರಿಗೆ ಅಂಕಲ್.

ಒಂದು ಮಾತು ಮೊದಲೇ ಹೇಳಿಬಿಡ್ತೀವಿ. ಕಮಾಂಡ್‌ಗಳ ಹೆಸರನ್ನೂ ಇಲ್ಲಿ ಕನ್ನಡದಲ್ಲೇ ಬರೆದಿದ್ದೀವಿ. ಟೈಪ್ ಮಾಡೋವಾಗ ಇಂಗ್ಲಿಷ್ ಅಕ್ಷರ ಹಾಕಬೇಕು ಅಂತ ಈ ಕ್ಯಾಂಪಸ್‌ನಲ್ಲಿ ಯಾರಿಗೂ ಹೇಳಬೇಕಾಗಿಲ್ಲ.

ಕಥೆ ಶುರುವಾಗಿದ್ದು

ಅಂಕಲ್ 2009ರಲ್ಲಿ ಮಾಡಿಸಿದ ಅಸೆಂಬಲ್ಡ್ ಪಿಸಿ ಅದು. ಕೋರ್ 2 ಡ್ಯುಯೊ ಪ್ರೊಸೆಸರ್, 2 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ಒಳಗೆ ವಿಂಡೋಸ್ ಎಕ್ಸ್‌ಪಿ. ಬೇಲೂರು, ಹಳೇಬೀಡು ಸುತ್ತಮುತ್ತ ಅಂಕಲ್ ತೆಗೆದ ಮದುವೆ, ನಾಮಕರಣ, ಗೃಹಪ್ರವೇಶದ ಫೋಟೊಗಳೆಲ್ಲ ಅದರಲ್ಲೇ. ನಾಲ್ಕು ವರ್ಷದ ಹಿಂದೆ ಮಾನಿಟರ್ ಕೆಟ್ಟಿತು. ಅಷ್ಟರಲ್ಲಿ ಹೊಸ ಲ್ಯಾಪ್‌ಟಾಪ್ ಬಂದಿತ್ತು. ಪಿಸಿ ಟೇಬಲ್ ಕೆಳಗೆ ಹೋಯ್ತು.

ನಾವು ಕಾಫಿಗೆ ಅಂತ ಹೋಗಿದ್ದ ದಿನ ಒಬ್ಬರು ಹೆಂಗಸು ಬಂದು ಕೇಳಿದರು: "ಅಣ್ಣ, ನಮ್ಮ ತಮ್ಮನ ಮದುವೆ ಫೋಟೊ ನೀವೇ ತೆಗೆದಿದ್ರಲ್ಲ. ಅದರಲ್ಲಿ ನಮ್ಮಮ್ಮ ಇದ್ದಾರೆ. ಒಂದು ಸಿಗುತ್ತಾ?" ಅವರಮ್ಮ ತೀರಿಕೊಂಡು ಹತ್ತು ದಿನ ಆಗಿತ್ತು. ತಿಥಿಗೆ ಗೋಡೆಗೆ ಹಾಕೋಕೆ ಒಂದು ಫೋಟೊ ಬೇಕಿತ್ತು. ಆಲ್ಬಂ ಮಳೆಗಾಲದಲ್ಲಿ ಮನೆ ಸೋರಿ ಅಂಟಿಕೊಂಡು ಹೋಗಿತ್ತಂತೆ. ಅಂಕಲ್ ಟೇಬಲ್ ಕೆಳಗೆ ಒಂದು ಸಲ ನೋಡಿ, "ಆ ಕಂಪ್ಯೂಟರ್ ಹೋಯ್ತಲ್ಲಮ್ಮ" ಅಂದ್ರು.

ಅವರು ಹೋದ ಮೇಲೆ ನಾವು ಕೇಳಿದ್ವಿ, "ಏನು ಹೋಗಿದೆ ಅಂಕಲ್?" "ಪರದೆ ಬರಲ್ಲ." ಪರದೆ ಬರಲ್ಲ ಅಂದ್ರೆ ಕಂಪ್ಯೂಟರ್ ಹೋಗಿದೆ ಅಂತ ಅಲ್ಲ. ಈ ಲೇಖನ ಪೂರ್ತಿ ನಿಂತಿರೋದು ಆ ಒಂದು ವಿಷಯದ ಮೇಲೆ.

ತಲೆ ಇಲ್ಲ ಅಂದ್ರೆ ಏನು?

ಮಾನಿಟರ್, ಕೀಬೋರ್ಡ್, ಮೌಸ್ ಯಾವುದೂ ಇಲ್ಲದೆ ಓಡೋ ಕಂಪ್ಯೂಟರ್‌ಗೆ ಹೆಡ್‌ಲೆಸ್ ಅಂತಾರೆ. ಇದನ್ನ ಕೇಳಿ ಹಳೇಬೀಡು ಅಂದಿದ್ದು, "ನಮ್ಮೂರಲ್ಲಿ ಅಂಥ ವಿಗ್ರಹ ಬೇಕಾದಷ್ಟಿವೆ ಬಿಡ್ರೋ."

ಮಾನಿಟರ್ ಕಂಪ್ಯೂಟರ್‌ಗೆ ಹೊರಗಿನ ಒಂದು ಸಾಧನ ಅಷ್ಟೆ. ಪ್ರೊಸೆಸರ್ ಲೆಕ್ಕ ಮಾಡುತ್ತೆ, ರ‍್ಯಾಮ್ ನೆನಪಿಟ್ಟುಕೊಳ್ಳುತ್ತೆ, ಡಿಸ್ಕ್ ಉಳಿಸಿಕೊಳ್ಳುತ್ತೆ. ಯಾರಾದ್ರೂ ನೋಡ್ತಿದ್ದಾರೋ ಇಲ್ಲವೋ ಅನ್ನೋದು ಈ ಮೂರಕ್ಕೂ ಬೇಕಾಗಿಲ್ಲ. ನಮ್ಮ ರಿಸಲ್ಟ್ ದಿನ ಕುಸಿದು ಬೀಳೋ ಸರ್ವರ್‌ಗೂ ಮುಂದೆ ಮಾನಿಟರ್ ಇರಲ್ಲ. ಡೇಟಾ ಸೆಂಟರ್‌ಗಳಲ್ಲಿ ಸಾವಿರಗಟ್ಟಲೆ ಯಂತ್ರಗಳು ಹೀಗೇ ಓಡ್ತವೆ.

ಹಾಗಾದ್ರೆ ಮಾತಾಡಿಸೋದು ಹೇಗೆ? ನೆಟ್‌ವರ್ಕ್ ಮೂಲಕ. ಅದಕ್ಕೆ ಇರೋ ಸಾಧನ ಎಸ್‌ಎಸ್‌ಎಚ್, ಅಂದ್ರೆ ಸೆಕ್ಯೂರ್ ಶೆಲ್. 1995ರಲ್ಲಿ ಫಿನ್ಲೆಂಡಿನ ಟಾಟು ಯಲೊನೆನ್ ಅನ್ನೋರು ಬರೆದಿದ್ದು. ಅದಕ್ಕೂ ಮೊದಲು ಟೆಲ್‌ನೆಟ್ ಇತ್ತು, ಆದರೆ ಅದರಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟ ಕಾಗದದ ಹಾಗೆ ತಂತಿ ಮೇಲೆ ಹೋಗ್ತಿತ್ತು. ಮಧ್ಯದಲ್ಲಿ ಯಾರು ಬೇಕಾದ್ರೂ ಓದಬಹುದಿತ್ತು. ಎಸ್‌ಎಸ್‌ಎಚ್ ಎಲ್ಲವನ್ನೂ ಗೂಢಲಿಪಿ ಮಾಡಿ ಕಳಿಸುತ್ತೆ. ನಿಮ್ಮ ಲ್ಯಾಪ್‌ಟಾಪಿನ ಟರ್ಮಿನಲ್‌ನಲ್ಲಿ ಕೂತು ಹಳೇ ಪಿಸಿಗೆ ಕಮಾಂಡ್ ಕೊಟ್ಟರೆ, ಅದು ಅಲ್ಲಿ ಓಡಿ, ಉತ್ತರ ಇಲ್ಲಿ ಬರುತ್ತೆ.

ಮೊದಲ ಕೆಲಸ: ಹಳೇ ಡಿಸ್ಕನ್ನ ಮುಟ್ಟಬೇಡಿ

ಪಿಸಿ ಆನ್ ಮಾಡಿ ನೋಡೋಣ ಅಂತ ನಮ್ಮ ಕೈ ಕಡೀತಿತ್ತು. ಅರಸೀಕೆರೆ ತಡೆದಳು. ನಾಲ್ಕು ವರ್ಷ ಸುಮ್ಮನಿದ್ದ ಡಿಸ್ಕ್, ತಿರುಗೋಕೆ ಶುರು ಮಾಡಿದ ಮೇಲೆ ಎಷ್ಟು ಹೊತ್ತು ಬದುಕುತ್ತೆ ಅಂತ ಗ್ಯಾರಂಟಿ ಇಲ್ಲ. ಇರೋ ಆಯಸ್ಸನ್ನ ವಿಂಡೋಸ್ ಬೂಟ್ ಮಾಡೋಕೆ ಖರ್ಚು ಮಾಡೋದು ದಡ್ಡತನ.

ಹಾಗಾಗಿ ಡಿಸ್ಕ್ ಬಿಚ್ಚಿ, ಯುಎಸ್‌ಬಿ ಅಡಾಪ್ಟರ್ ಹಾಕಿ, ಲಿನಕ್ಸ್ ಓಡ್ತಿದ್ದ ನಮ್ಮ ಲ್ಯಾಪ್‌ಟಾಪಿಗೆ ಸೇರಿಸಿದ್ವಿ. ಸ್ಮಾರ್ಟ್‌ಸಿಟಿಎಲ್ ಅನ್ನೋ ಕಮಾಂಡ್ ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡ ಆರೋಗ್ಯದ ಚೀಟಿಯನ್ನ ತೋರಿಸುತ್ತೆ. ಅದರಲ್ಲಿ ಎರಡು ಸಾಲು ಮುಖ್ಯ. ಒಂದು, ಕೆಟ್ಟು ಹೋಗಿ ಬದಲಿ ಜಾಗ ಕೊಟ್ಟಿರೋ ಸೆಕ್ಟರ್ ಎಷ್ಟು. ಇನ್ನೊಂದು, ಓದೋಕೆ ಆಗದೆ ತೀರ್ಮಾನಕ್ಕೆ ಕಾಯ್ತಿರೋ ಸೆಕ್ಟರ್ ಎಷ್ಟು. ಎರಡೂ ಸೊನ್ನೆ ಇದ್ರೆ ಒಳ್ಳೇದು. ನಮ್ಮದರಲ್ಲಿ ಎರಡೂ ಸೊನ್ನೆ ಇರಲಿಲ್ಲ.

ಇಂಥ ಡಿಸ್ಕನ್ನ ಸಾಮಾನ್ಯ ಕಾಪಿ ಪೇಸ್ಟ್ ಮಾಡಬಾರದು. ಕೆಟ್ಟ ಜಾಗ ಸಿಕ್ಕಿದ ಕೂಡ್ಲೆ ಅಲ್ಲೇ ಒದ್ದಾಡ್ತಾ ನಿಂತುಬಿಡುತ್ತೆ. ಅದಕ್ಕೆ ಡಿಡಿರೆಸ್ಕ್ಯೂ ಅಂತ ಒಂದು ಸಾಫ್ಟ್‌ವೇರ್ ಇದೆ. ಅದು ಮೊದಲು ಸುಲಭವಾಗಿ ಓದೋಕೆ ಸಿಗೋದನ್ನೆಲ್ಲ ಓದಿಕೊಂಡು, ಕಷ್ಟದ ಜಾಗವನ್ನ ಬಿಟ್ಟು ಮುಂದೆ ಹೋಗುತ್ತೆ. ಕೊನೇಲಿ ವಾಪಸ್ ಬಂದು ಬಿಟ್ಟಿದ್ದನ್ನ ಮತ್ತೆ ಪ್ರಯತ್ನ ಮಾಡುತ್ತೆ. ಎಲ್ಲಿವರೆಗೆ ಆಯ್ತು ಅಂತ ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತೆ, ಕರೆಂಟ್ ಹೋದ್ರೂ ಅಲ್ಲಿಂದಲೇ ಮುಂದುವರಿಸಬಹುದು. ಪರೀಕ್ಷೆಯಲ್ಲಿ ನಾವು ಮಾಡೋದೂ ಇದನ್ನೇ, ಗೊತ್ತಿರೋ ಪ್ರಶ್ನೆ ಮೊದಲು.

ನಮ್ಮ ಅಡಾಪ್ಟರ್ ಯುಎಸ್‌ಬಿ 2.0. ನಿಜವಾಗಿ ಸಿಗೋ ವೇಗ ಸೆಕೆಂಡಿಗೆ 30 ಎಂಬಿ ಆಸುಪಾಸು. 500 ಜಿಬಿಗೆ ಲೆಕ್ಕ ಹಾಕಿದ್ರೆ ಸುಮಾರು 16,700 ಸೆಕೆಂಡ್, ಅಂದ್ರೆ ನಾಲ್ಕೂವರೆ ಗಂಟೆ ಮೇಲೆ. ಕೆಟ್ಟ ಜಾಗಗಳಿಂದಾಗಿ ಅದು ರಾತ್ರಿ ಪೂರ್ತಿ ಓಡ್ತು. ಹಳೇಬೀಡು ತಂದಿದ್ದ 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ಮೇಲೆ ಇಡೀ ಡಿಸ್ಕಿನ ಪ್ರತಿ ಒಂದೇ ಫೈಲ್ ಆಗಿ ಕೂತಿತು. ಬೆಳಗ್ಗೆ ಹಳೇ ಡಿಸ್ಕನ್ನ ಬಟ್ಟೇಲಿ ಸುತ್ತಿ ಅಂಕಲ್ ಬೀರುವಿನಲ್ಲಿಟ್ವಿ.

ಮಾನಿಟರ್ ಒಂದು ಸಲ ಬೇಕೇ ಬೇಕು

ಮಾನಿಟರ್ ಇಲ್ಲದೆ ಓಡಿಸಬಹುದು, ಆದರೆ ಓಡೋ ಹಾಗೆ ಮಾಡೋಕೆ ಒಂದು ಸಲ ಮಾನಿಟರ್ ಬೇಕು. ಪಕ್ಕದ ಜೆರಾಕ್ಸ್ ಅಂಗಡಿಯವರನ್ನ ಎರಡು ಗಂಟೆಗೆ ಅಂತ ಕೇಳಿ ತಂದ್ವಿ.

ಎಕ್ಸ್‌ಪಿಯನ್ನ ಮತ್ತೆ ಹಾಕೋ ಮಾತೇ ಇಲ್ಲ. ಅದಕ್ಕೆ ಭದ್ರತಾ ಅಪ್‌ಡೇಟ್ ನಿಂತಿದ್ದು 2014ರ ಏಪ್ರಿಲ್ 8ಕ್ಕೆ. ವಿಂಡೋಸ್ 7ಕ್ಕೆ ನಿಂತಿದ್ದು 2020ರ ಜನವರಿ 14ಕ್ಕೆ. ಇಂಥವನ್ನ ನೆಟ್‌ವರ್ಕಿಗೆ ಸೇರಿಸೋದು ಬಾಗಿಲು ತೆಗೆದಿಟ್ಟು ಜಾತ್ರೆಗೆ ಹೋದ ಹಾಗೆ. ನಾವು ಹಾಕಿದ್ದು ಡೆಬಿಯನ್ 12. ಅರಸೀಕೆರೆ ಮನೆಯಲ್ಲಿದ್ದ ಹಳೇ ಲ್ಯಾಪ್‌ಟಾಪಿನ 120 ಜಿಬಿ ಎಸ್‌ಎಸ್‌ಡಿ ಮೇಲೆ ಆಪರೇಟಿಂಗ್ ಸಿಸ್ಟಮ್, ಹೊಸದಾಗಿ ತಂದ 1 ಟಿಬಿ ಡಿಸ್ಕ್ ಫೋಟೊಗಳಿಗೆ.

ಇನ್‌ಸ್ಟಾಲ್ ಆಗೋವಾಗ ಏನೇನು ಬೇಕು ಅಂತ ಕೇಳೋ ಒಂದು ಪಟ್ಟಿ ಬರುತ್ತೆ. ಅದರಲ್ಲಿ ಡೆಸ್ಕ್‌ಟಾಪ್ ಮುಂದಿನ ಗುರುತು ತೆಗೆದು, ಎಸ್‌ಎಸ್‌ಎಚ್ ಸರ್ವರ್ ಮುಂದೆ ಗುರುತು ಹಾಕಬೇಕು. ಈ ಎರಡನೇದನ್ನ ಮರೆತರೆ ಮಾನಿಟರ್ ತೆಗೆದ ಮೇಲೆ ಯಂತ್ರದ ಜೊತೆ ಮಾತಾಡೋಕೆ ದಾರಿಯೇ ಇರಲ್ಲ. ಡೆಸ್ಕ್‌ಟಾಪ್ ಇಲ್ಲದ ಡೆಬಿಯನ್‌ಗೆ ಸುಮ್ಮನೆ ಕೂತಾಗ ನೂರಿನ್ನೂರು ಎಂಬಿ ರ‍್ಯಾಮ್ ಸಾಕು. ಹಳೇ ಯಂತ್ರಕ್ಕೆ 2 ಜಿಬಿ ಕಡಿಮೆ ಅನ್ನೋ ಚಿಂತೆ ಅಲ್ಲಿಗೆ ಮುಗೀತು.

ವೈಫೈ ಸಹವಾಸ ಬೇಡ ಅಂತ ರೂಟರ್‌ನಿಂದ ನೇರ ಲ್ಯಾನ್ ಕೇಬಲ್ ಹಾಕಿದ್ವಿ. ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಎಚ್ ಅಂತ ಬರೆದು, ಯೂಸರ್ ಹೆಸರು, ಅಟ್ ಗುರುತು, ಆಮೇಲೆ ಪಿಸಿಯ ಐಪಿ ವಿಳಾಸ ಹಾಕಿ ಎಂಟರ್ ಒತ್ತಿದ್ವಿ. ಮೊದಲ ಸಲ ಒಂದು ಉದ್ದನೆ ಬೆರಳಚ್ಚು ತೋರಿಸಿ, ಇದನ್ನ ನಂಬಬಹುದಾ ಅಂತ ಕೇಳುತ್ತೆ. ಎಲ್ಲರೂ ಓದದೆ ಎಸ್ ಅಂತಾರೆ. ಅದು ಆ ಯಂತ್ರದ ಗುರುತು. ಒಪ್ಪಿಕೊಂಡರೆ ನಿಮ್ಮ ಲ್ಯಾಪ್‌ಟಾಪ್ ಅದನ್ನ ನೆನಪಿಟ್ಟುಕೊಂಡು, ಮುಂದೆ ಅದೇ ವಿಳಾಸದಲ್ಲಿ ಬೇರೆ ಯಂತ್ರ ಕೂತಿದ್ರೆ ಎಚ್ಚರಿಸುತ್ತೆ.

ಲಾಗಿನ್ ಆಯ್ತು. ನಾವು ಚಪ್ಪಾಳೆ ಹೊಡೆದು, ಮಾನಿಟರ್ ವಾಪಸ್ ಕೊಟ್ಟು, ಕೀಬೋರ್ಡ್ ಕಿತ್ತು, ರೀಸ್ಟಾರ್ಟ್ ಮಾಡಿದ್ವಿ. ಯಂತ್ರ ಮತ್ತೆ ಬರಲೇ ಇಲ್ಲ.

ಗುಂಡಿ ಒಂದು: ಕೀಬೋರ್ಡ್ ಇಲ್ಲ, ಎಫ್1 ಒತ್ತಿ

ಫ್ಯಾನ್ ತಿರುಗ್ತಿದೆ, ದೀಪ ಉರೀತಿದೆ, ಪಿಂಗ್ ಮಾಡಿದ್ರೆ ಉತ್ತರ ಇಲ್ಲ. ಹತ್ತು ನಿಮಿಷ ಕಾದು, ಮುಖ ಸಣ್ಣದು ಮಾಡಿಕೊಂಡು ಮತ್ತೆ ಜೆರಾಕ್ಸ್ ಅಂಗಡಿಗೆ ಹೋದ್ವಿ. ಮಾನಿಟರ್ ಹಾಕಿ ನೋಡಿದ್ರೆ ಪರದೆ ಮೇಲೆ ಇದ್ದಿದ್ದು ಇಷ್ಟು: ಕೀಬೋರ್ಡ್ ಕಾಣ್ತಿಲ್ಲ, ಮುಂದುವರಿಯೋಕೆ ಎಫ್1 ಒತ್ತಿ. ಇಲ್ಲದ ಕೀಬೋರ್ಡಿನಲ್ಲಿ ಎಫ್1 ಎಲ್ಲಿ ಒತ್ತೋದು?

ಹಳೇ ಬೋರ್ಡುಗಳ ಬಯಾಸ್ ಹೀಗೇ. ಆನ್ ಆದ ಕೂಡ್ಲೆ ತನ್ನ ಸಾಮಾನೆಲ್ಲ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡುತ್ತೆ. ಒಂದು ಇಲ್ಲದಿದ್ರೂ ನಿಂತು ಮನುಷ್ಯರನ್ನ ಕರೆಯುತ್ತೆ. ಲಿನಕ್ಸ್ ಇನ್ನೂ ಶುರುವೇ ಆಗಿರಲ್ಲ, ಹಾಗಾಗಿ ಎಸ್‌ಎಸ್‌ಎಚ್ ಇರೋಕೆ ಸಾಧ್ಯವೇ ಇಲ್ಲ. ಆನ್ ಮಾಡ್ತಿದ್ದ ಹಾಗೆ ಡಿಲೀಟ್ ಕೀ ಒತ್ತಿ ಬಯಾಸ್ ಒಳಗೆ ಹೋಗಿ ನಾವು ಮೂರು ಬದಲಾವಣೆ ಮಾಡಿದ್ವಿ.

ಮೊದಲನೇದು, ಹಾಲ್ಟ್ ಆನ್ ಅನ್ನೋ ಕಡೆ "ಆಲ್, ಬಟ್ ಕೀಬೋರ್ಡ್" ಆರಿಸೋದು. ಕೀಬೋರ್ಡ್ ಇಲ್ಲದಿದ್ರೆ ಚಿಂತೆ ಇಲ್ಲ, ಮುಂದೆ ಹೋಗು ಅಂತ ಅರ್ಥ. ಎರಡನೇದು, ಕರೆಂಟ್ ಹೋಗಿ ಬಂದಾಗ ಏನು ಮಾಡಬೇಕು ಅನ್ನೋ ಕಡೆ "ಪವರ್ ಆನ್" ಆರಿಸೋದು. ಬೆಳಗ್ಗೆ ಅಂಗಡಿ ತೆಗೆದು ಗೋಡೆ ಸ್ವಿಚ್ ಹಾಕಿದ್ರೆ ಸಾಕು, ಪಿಸಿ ತಾನೇ ಏಳುತ್ತೆ. ಮೂರನೇದು, ಬೂಟ್ ಕ್ರಮದಲ್ಲಿ ನಮ್ಮ ಎಸ್‌ಎಸ್‌ಡಿಯನ್ನ ಮೊದಲು ಇಡೋದು. ಇಲ್ಲದಿದ್ರೆ ಯಾರೋ ಮರೆತು ಬಿಟ್ಟ ಪೆನ್‌ಡ್ರೈವ್ ಇಡೀ ದಿನ ಹಾಳು ಮಾಡುತ್ತೆ.

ನಮ್ಮ ಬೋರ್ಡಿನಲ್ಲಿ ಗ್ರಾಫಿಕ್ಸ್ ಒಳಗೇ ಇತ್ತು, ಹಾಗಾಗಿ ಮಾನಿಟರ್ ಇಲ್ಲ ಅಂತ ಅದು ತಕರಾರು ಮಾಡಲಿಲ್ಲ. ಗ್ರಾಫಿಕ್ಸ್ ಒಳಗಿಲ್ಲದ ಬೋರ್ಡ್ ಆದ್ರೆ ಕಾರ್ಡನ್ನ ಕೀಳಬೇಡಿ, ಕಾರ್ಡ್ ಇಲ್ಲ ಅಂತಲೇ ನಿಲ್ಲೋ ಬೋರ್ಡುಗಳೂ ಇವೆ.

ಗುಂಡಿ ಎರಡು: ಬೆಳಗಾದ ಮೇಲೆ ಎಲ್ಲ ಮರೆತಿತ್ತು

ಆ ರಾತ್ರಿ ನಾವು ಹಳೇಬೀಡಿನವನ ಮನೇಲಿ ಮಲಗಿದ್ವಿ, ಬೇಲೂರಿಂದ 16 ಕಿಲೋಮೀಟರ್. ಹೊರಡೋ ಮುಂಚೆ ಒಂದು ಸಣ್ಣ ಕೆಲಸ ಮಾಡಿದ್ವಿ. ಪರದೆ ಇಲ್ಲದ ಮೇಲೆ ಯಂತ್ರ ಎದ್ದಿದೆಯೋ ಇಲ್ಲವೋ ಅಂತ ಅಂಕಲ್‌ಗೆ ಹೇಗೆ ಗೊತ್ತಾಗಬೇಕು? ಕ್ಯಾಬಿನೆಟ್ ಒಳಗೆ ಪುಟ್ಟ ಸ್ಪೀಕರ್ ಇರುತ್ತಲ್ಲ, ನೆಟ್‌ವರ್ಕ್ ಸಿಕ್ಕಿದ ಮೇಲೆ ಅದರಿಂದ ಎರಡು ಸಲ ಬೀಪ್ ಅನ್ನೋ ಹಾಗೆ ಒಂದು ಸಿಸ್ಟಮ್‌ಡಿ ಸರ್ವಿಸ್ ಬರೆದ್ವಿ. "ಎರಡು ಸಲ ಕೂಗಿದ್ರೆ ಎದ್ದಿದೆ ಅಂತ ಅಂಕಲ್." ಮಲಗಿಸೋಕೆ ಮುಂದಿನ ಪವರ್ ಬಟನ್ ಒಂದು ಸಲ ಒತ್ತಿ ಬಿಟ್ಟರೆ ಸಾಕು. ಲಿನಕ್ಸ್ ಅದನ್ನ ಶಟ್‌ಡೌನ್ ಆಜ್ಞೆ ಅಂತ ತಿಳಿದು, ಫೈಲ್‌ಗಳನ್ನೆಲ್ಲ ಸರಿಯಾಗಿ ಮುಚ್ಚಿ ಆಫ್ ಆಗುತ್ತೆ. ಒತ್ತಿ ಹಿಡಿಯಬಾರದು ಅಷ್ಟೆ.

ಬೆಳಗ್ಗೆ ಫೋನ್ ಬಂತು. "ಕೂಗ್ಲಿಲ್ಲ ಕಣಪ್ಪ."

ಬೇಲೂರು ಕೇಳಿದ, "ಮಾವ, ರಾತ್ರಿ ಏನು ಮಾಡಿದ್ರಿ?" "ನೀನು ಹೇಳಿದ ಹಾಗೆ ಬಟನ್ ಒತ್ತಿದೆ. ಆಮೇಲೆ ದಿನಾ ಮಾಡೋ ಹಾಗೆ ಮೇನ್ ಆಫ್ ಮಾಡಿ ಬಾಗಿಲು ಹಾಕಿದೆ." ಸುಮ್ಮನೆ ಒಂದು ಊಹೆ ಮೇಲೆ, "ಕೀಬೋರ್ಡ್ ಹಾಕಿ ಆಫ್ ಮಾಡಿ ಆನ್ ಮಾಡಿ, ಒಂದು ನಿಮಿಷ ಬಿಟ್ಟು ಎಫ್1 ಒತ್ತಿ ಮಾವ" ಅಂದ. ಸ್ವಲ್ಪ ಹೊತ್ತಿಗೆ ಫೋನಿನಲ್ಲೇ ಎರಡು ಬೀಪ್ ಕೇಳಿಸಿತು.

ಅಲ್ಲಿಗೆ ಸುಳಿವು ಸಿಕ್ಕಿತು. ಎಫ್1 ಒತ್ತಿದ್ರೆ ಏಳುತ್ತೆ ಅಂದ್ರೆ ಬಯಾಸ್ ಮತ್ತೆ ಕಾಯ್ತಾ ನಿಂತಿತ್ತು. ಅಂದ್ರೆ ನಾವು ನಿನ್ನೆ ಮಾಡಿದ ಸೆಟ್ಟಿಂಗ್ ಅದಕ್ಕೆ ನೆನಪಿಲ್ಲ. ಯಾಕೆ ನೆನಪಿಲ್ಲ? ಬಯಾಸ್ ಸೆಟ್ಟಿಂಗ್‌ಗಳೂ ಗಡಿಯಾರವೂ ಉಳಿಯೋದು ಬೋರ್ಡ್ ಮೇಲಿರೋ ನಾಣ್ಯದ ಆಕಾರದ ಸಿಆರ್2032 ಬ್ಯಾಟರಿಯಿಂದ. ಗೋಡೆಯಿಂದ ಕರೆಂಟ್ ಬರ್ತಿರೋವರೆಗೂ ಪಿಸಿ ಆಫ್ ಇದ್ದರೂ ಬೋರ್ಡಿಗೆ ಸ್ವಲ್ಪ ಕರೆಂಟ್ ಸಿಗ್ತಿರುತ್ತೆ. ಹಾಗಾಗಿ ಹಗಲು ಪೂರ್ತಿ ನಮಗೆ ತೊಂದರೆ ಕಾಣಲಿಲ್ಲ. ಮೇನ್ ಆಫ್ ಆದ ಮೇಲೆ ಭಾರವೆಲ್ಲ ಬ್ಯಾಟರಿ ಮೇಲೆ. ಲ್ಯಾಬ್‌ನಿಂದ ಹಿಡಿದು ಮನೆವರೆಗೂ ನಮ್ಮ ಬ್ಯಾಗಿನಲ್ಲೇ ಓಡಾಡೋ ಮಲ್ಟಿಮೀಟರ್ ಇಟ್ಟು ನೋಡಿದ್ರೆ, 3 ವೋಲ್ಟ್ ಇರಬೇಕಾದ ಬ್ಯಾಟರಿಯಲ್ಲಿ 2 ವೋಲ್ಟೂ ಇರಲಿಲ್ಲ.

ವಾಚ್ ರಿಪೇರಿ ಅಂಗಡಿಯಲ್ಲಿ ಹೊಸದು ಸಿಕ್ಕಿತು. ಜೆರಾಕ್ಸ್ ಅಂಗಡಿಗೆ ಮೂರನೇ ಸಲ ಹೋದಾಗ ಅವರು, "ಮಾನಿಟರ್ ಇಲ್ಲದೆ ಓಡಿಸೋಕೆ ಬಹಳ ಸಲ ಮಾನಿಟರ್ ಬೇಕು ಅನ್ಸುತ್ತೆ" ಅಂದ್ರು. ಮತ್ತೆ ಮೂರೂ ಸೆಟ್ಟಿಂಗ್ ಹಾಕಿ, ಮೇನ್ ಆಫ್ ಮಾಡಿ, ಮಸಾಲೆ ದೋಸೆ ತಿಂದು ಬಂದು ಸ್ವಿಚ್ ಹಾಕಿದ್ವಿ. ಎರಡು ಬೀಪ್.

ಹತ್ತು ವರ್ಷ ದಾಟಿದ ಯಾವ ಬೋರ್ಡ್ ಆದ್ರೂ ಸರಿ, ಹೆಡ್‌ಲೆಸ್ ಮಾಡೋ ಮುಂಚೆ ಈ ಬ್ಯಾಟರಿ ಬದಲಿಸಿ. ಗಡಿಯಾರ ತಪ್ಪಿದ್ರೆ ಇನ್ನೊಂದು ಕಾಟವೂ ಇದೆ. ದಿನಾಂಕ ಹದಿನೈದು ವರ್ಷ ಹಿಂದೆ ಹೋಗಿದ್ರೆ ಅಪ್‌ಡೇಟ್‌ಗಳು "ಈ ಫೈಲ್ ಇನ್ನೂ ಚಾಲ್ತಿಗೆ ಬಂದಿಲ್ಲ" ಅಂತ ಹಠ ಹಿಡಿಯುತ್ತವೆ.

ಗುಂಡಿ ಮೂರು: ವಿಳಾಸ ಬದಲಾಯ್ತು

ಯಂತ್ರ ಎದ್ದಿದೆ, ಬೀಪ್ ಕೇಳಿದೆ, ಆದರೆ ನಿನ್ನೆಯ ಐಪಿ ವಿಳಾಸದಲ್ಲಿ ಇಲ್ಲ. ರೂಟರ್ ವಿಳಾಸವನ್ನ ಬಾಡಿಗೆಗೆ ಕೊಡುತ್ತೆ. ಕರೆಂಟ್ ಹೋಗಿ ರೂಟರ್ ಹೊಸದಾಗಿ ಎದ್ದರೆ ಬೇರೆ ನಂಬರ್ ಕೊಡಬಹುದು. ರೂಟರ್‌ನ ಪುಟದೊಳಗೆ ಹೋದ್ರೆ ಈಗ ಯಾರ್ಯಾರು ಸೇರಿದ್ದಾರೆ ಅನ್ನೋ ಪಟ್ಟಿ ಇರುತ್ತೆ, ಅಲ್ಲಿ ಹೊಸ ವಿಳಾಸ ಸಿಗುತ್ತೆ. ಶಾಶ್ವತ ಪರಿಹಾರ ಅಂದ್ರೆ, ಅದೇ ಪುಟದಲ್ಲಿ ಪಿಸಿಯ ಮ್ಯಾಕ್ ವಿಳಾಸಕ್ಕೆ ಒಂದು ಐಪಿಯನ್ನ ಕಾಯ್ದಿರಿಸೋದು. ನಾವು 192.168.1.50 ಇಟ್ವಿ. ಅವಾಹಿ ಅನ್ನೋ ಪ್ಯಾಕೇಜ್ ಹಾಕಿದ್ರೆ ನಂಬರ್ ಬದಲು ಪಿಸಿ ಹೆಸರಿನ ಮುಂದೆ ಡಾಟ್ ಲೋಕಲ್ ಅಂತ ಸೇರಿಸಿಯೂ ಹುಡುಕಬಹುದು.

ಗುಂಡಿ ನಾಲ್ಕು: ಲ್ಯಾಪ್‌ಟಾಪ್ ಮಲಗಿತು, ಕಾಪಿ ನಿಂತಿತು

ಈಗ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿದ್ದ ಪ್ರತಿಯಿಂದ ಫೋಟೊಗಳನ್ನ ಪಿಸಿಯ ಹೊಸ ಡಿಸ್ಕಿಗೆ ಹಾಕಬೇಕು. ಆ ಪ್ರತಿಯನ್ನ ಓದೋಕೆ ಮಾತ್ರ ಅಂತ ಮೌಂಟ್ ಮಾಡಿದ್ವಿ, ಕೈತಪ್ಪಿ ಅಳಿಸೋ ಭಯ ಇರಬಾರದು ಅಂತ. ಒಟ್ಟು ಫೋಟೊ 300 ಜಿಬಿ ಹತ್ತಿರ. ಅದೇ ಯುಎಸ್‌ಬಿ 2.0 ವೇಗದಲ್ಲಿ 2 ಗಂಟೆ 45 ನಿಮಿಷದ ಮೇಲೆ. ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್‌ನಲ್ಲಿ ಕಾಪಿ ಶುರು ಮಾಡಿ ದೇವಸ್ಥಾನದ ಕಡೆ ಹೋಗಿ ಬಂದ್ವಿ. ಬಂದು ನೋಡಿದ್ರೆ ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಗಿ, ಸಂಪರ್ಕ ಕಡಿದು, ಅದರ ಜೊತೆಗೇ ಕಾಪಿಯೂ ಸತ್ತಿತ್ತು.

ಎಸ್‌ಎಸ್‌ಎಚ್ ಒಳಗೆ ಶುರು ಮಾಡಿದ ಕೆಲಸ ಆ ಸಂಪರ್ಕದ ಮಗು ಇದ್ದ ಹಾಗೆ. ಸಂಪರ್ಕ ಹೋದ್ರೆ ಸಾಮಾನ್ಯವಾಗಿ ಅದೂ ಹೋಗುತ್ತೆ. ಅದಕ್ಕೆ ಟೀಮಕ್ಸ್ ಬೇಕು. ಟೀಮಕ್ಸ್ ಆ ಪಿಸಿಯಲ್ಲೇ ಒಂದು ಟರ್ಮಿನಲ್ ತೆರೆದಿಟ್ಟುಕೊಂಡಿರುತ್ತೆ. ನೀವು ಬಂದು ಸೇರಬಹುದು, ಬಿಟ್ಟು ಹೋಗಬಹುದು, ಕೆಲಸ ಮಾತ್ರ ನಡೀತಾನೇ ಇರುತ್ತೆ. ಇದರ ಜೊತೆ ಕಾಪಿಗೆ ಆರ್‌ಸಿಂಕ್ ಬಳಸಿದ್ವಿ. ಆಗಲೇ ಬಂದಿರೋ ಫೈಲ್‌ಗಳನ್ನ ಬಿಟ್ಟು ಉಳಿದಿದ್ದನ್ನ ಮಾತ್ರ ಅದು ತರುತ್ತೆ.

ಇನ್ನೂ ಬೀಳದ ಎರಡು ಗುಂಡಿಗಳು

ಇವೆರಡನ್ನ ಮೊದಲೇ ಓದಿಕೊಂಡಿದ್ದರಿಂದ ತಪ್ಪಿಸಿಕೊಂಡ್ವಿ.

ಎಫ್‌ಎಸ್‌ಟ್ಯಾಬ್ ಅನ್ನೋ ಫೈಲ್‌ನಲ್ಲಿ ಬೂಟ್ ಆಗೋವಾಗ ಯಾವ್ಯಾವ ಡಿಸ್ಕ್ ಜೋಡಿಸಬೇಕು ಅಂತ ಬರೆದಿರುತ್ತೆ. ಅಲ್ಲಿ ಬರೆದ ಡಿಸ್ಕ್ ಒಂದು ದಿನ ಕೈಕೊಟ್ಟರೆ ಲಿನಕ್ಸ್ ಅರ್ಧಕ್ಕೇ ನಿಂತು ಪರದೆ ಮೇಲೆ ಪಾಸ್‌ವರ್ಡ್ ಕೇಳುತ್ತೆ. ಪರದೆ ಎಲ್ಲಿದೆ? ಹಾಗಾಗಿ ಫೋಟೊ ಡಿಸ್ಕಿನ ಸಾಲಿನಲ್ಲಿ "ನೋಫೇಲ್" ಅಂತ ಸೇರಿಸಿ. ಡಿಸ್ಕ್ ಇಲ್ಲದಿದ್ರೂ ಯಂತ್ರ ಎದ್ದು, ಎಸ್‌ಎಸ್‌ಎಚ್ ಕೊಡುತ್ತೆ.

ಇನ್ನೊಂದು ಫೈರ್‌ವಾಲ್. ಯುಎಫ್‌ಡಬ್ಲ್ಯೂ ಆನ್ ಮಾಡೋ ಮುಂಚೆ ಎಸ್‌ಎಸ್‌ಎಚ್‌ನ 22ನೇ ಪೋರ್ಟಿಗೆ ಅನುಮತಿ ಕೊಡಿ. ಮೊದಲು ಆನ್ ಮಾಡಿದ್ರೆ ಕೂತ ಕೊಂಬೆಯನ್ನೇ ಕಡಿದುಕೊಂಡ ಹಾಗೆ, ಮತ್ತೆ ಒಳಗೆ ಹೋಗೋಕೆ ಜೆರಾಕ್ಸ್ ಅಂಗಡಿಯೇ ಗತಿ.

ಬೀಗ ಹಾಕೋದು

ಪಾಸ್‌ವರ್ಡ್ ಬದಲು ಕೀ ಜೋಡಿ ಬಳಸಿ. ಎಸ್‌ಎಸ್‌ಎಚ್-ಕೀಜೆನ್ ಕಮಾಂಡ್ ಎರಡು ಫೈಲ್ ಕೊಡುತ್ತೆ. ಒಂದು ಗುಟ್ಟಿನದು, ನಿಮ್ಮ ಲ್ಯಾಪ್‌ಟಾಪಿನಲ್ಲೇ ಇರಬೇಕು. ಇನ್ನೊಂದು ಸಾರ್ವಜನಿಕ, ಅದನ್ನ ಎಸ್‌ಎಸ್‌ಎಚ್-ಕಾಪಿ-ಐಡಿ ಮೂಲಕ ಪಿಸಿಗೆ ಕಳಿಸಬೇಕು. ಕೀಯಿಂದ ಲಾಗಿನ್ ಆಗ್ತಿದೆ ಅಂತ ಖಚಿತ ಮಾಡಿಕೊಂಡ ಮೇಲೆ ಮಾತ್ರ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ. ಹಾಗೆ ನಿಲ್ಲಿಸೋವಾಗ ಈಗಿರೋ ಕಿಟಕಿ ಮುಚ್ಚಬೇಡಿ, ಇನ್ನೊಂದು ಕಿಟಕಿಯಲ್ಲಿ ಪರೀಕ್ಷಿಸಿ.

ಹಾಸ್ಟೆಲ್‌ನಿಂದ ನೋಡಬೇಕು ಅಂತ ರೂಟರ್‌ನಲ್ಲಿ 22ನೇ ಪೋರ್ಟನ್ನ ಇಂಟರ್‌ನೆಟ್ಟಿಗೆ ತೆರೆಯೋದು ಬೇಡ. ಹಗಲು ರಾತ್ರಿ ಬಾಗಿಲು ತಟ್ಟೋ ಬಾಟ್‌ಗಳು ಬೇಕಾದಷ್ಟಿವೆ. ವೈರ್‌ಗಾರ್ಡ್ ಮೇಲೆ ಕಟ್ಟಿರೋ ಟೇಲ್‌ಸ್ಕೇಲ್ ಥರದ್ದು ಬಳಸಿದ್ರೆ ಪೋರ್ಟ್ ತೆರೆಯದೇನೇ ನಿಮ್ಮ ಯಂತ್ರಗಳು ಒಂದನ್ನೊಂದು ನೋಡ್ತವೆ.

ಅಂಕಲ್‌ಗೆ ಟರ್ಮಿನಲ್ ಬೇಡ, ಫೋಟೊ ಬೇಕು. ಅದಕ್ಕೆ ಸಾಂಬಾ ಹಾಕಿದ್ವಿ. ತಿನ್ನೋದಲ್ಲ, ಲಿನಕ್ಸ್ ಫೋಲ್ಡರನ್ನ ವಿಂಡೋಸ್‌ಗೆ ತೋರಿಸೋ ಸಾಫ್ಟ್‌ವೇರ್. ಅವರ ಲ್ಯಾಪ್‌ಟಾಪಿನಲ್ಲಿ ಈಗ "ಹಳೇ ಫೋಟೊ" ಅಂತ ಒಂದು ಡ್ರೈವ್ ಕಾಣುತ್ತೆ. ಓದಬಹುದು, ಅಳಿಸೋಕೆ ಆಗಲ್ಲ.

ಕರೆಂಟ್ ಬಿಲ್ ಮಾತು

ಹಳೇ ಡೆಸ್ಕ್‌ಟಾಪ್ ಪುಕ್ಕಟೆ ಅಲ್ಲ. ಮಾನಿಟರ್ ಬಿಟ್ಟು ಸುಮಾರು 60 ವ್ಯಾಟ್ ಎಳೆಯುತ್ತೆ ಅಂತ ಇಟ್ಟುಕೊಳ್ಳಿ. 24 ಗಂಟೆ, 30 ದಿನ ಓಡಿದ್ರೆ 43.2 ಯೂನಿಟ್. ಅಂಗಡಿ ತೆರೆದಿರೋ 8 ಗಂಟೆ, 26 ದಿನ ಮಾತ್ರ ಓಡಿದ್ರೆ ಸುಮಾರು 12.5 ಯೂನಿಟ್. ನಾಲ್ಕು ವ್ಯಾಟಿನ ರಾಸ್ಪ್‌ಬೆರಿ ಪೈ ಆಗಿದ್ರೆ ತಿಂಗಳು ಪೂರ್ತಿ ಓಡಿದರೂ 3 ಯೂನಿಟ್ ದಾಟಲ್ಲ. ನಿಮ್ಮ ಮನೆ ಬಿಲ್‌ನ ದರದಿಂದ ಗುಣಿಸಿ ನೋಡಿ. ಹಗಲೂ ರಾತ್ರಿ ಬೇಕಿದ್ರೆ ಹಳೇ ಡೆಸ್ಕ್‌ಟಾಪ್ ದುಬಾರಿ. ಬೇಕಾದಾಗ ಎಬ್ಬಿಸೋ ಕೆಲಸಕ್ಕೆ ಅದೇ ಸಾಕು.

ಪರದೆ ಒಡೆದ ಹಳೇ ಲ್ಯಾಪ್‌ಟಾಪ್ ಇದ್ರೆ ಇನ್ನೂ ಒಳ್ಳೇದು. ಕರೆಂಟ್ ಕಡಿಮೆ, ಬ್ಯಾಟರಿಯೇ ಯುಪಿಎಸ್. ಲಾಗಿನ್‌ಡಿ ಸೆಟ್ಟಿಂಗ್‌ನಲ್ಲಿ ಹ್ಯಾಂಡಲ್ ಲಿಡ್ ಸ್ವಿಚ್ ಅನ್ನೋದನ್ನ "ಇಗ್ನೋರ್" ಮಾಡಿದ್ರೆ ಮುಚ್ಚಳ ಮುಚ್ಚಿದರೂ ಮಲಗಲ್ಲ. ಬ್ಯಾಟರಿ ಉಬ್ಬಿದ್ರೆ ಮಾತ್ರ ತೆಗೆದುಬಿಡಿ, ಅದರ ಜೊತೆ ಆಟ ಬೇಡ.

ಆ ಫೋಟೊ

ಅಂಕಲ್ ಫೋಲ್ಡರ್‌ಗಳಿಗೆ ತಾರೀಖು, ಊರು, ಛತ್ರದ ಹೆಸರು ಹಾಕಿಟ್ಟಿದ್ರು. ತಮ್ಮನ ಮದುವೆ 2011ರ ಮೇ ತಿಂಗಳದ್ದು, ಎರಡು ನಿಮಿಷಕ್ಕೆ ಸಿಕ್ಕಿತು. ಧಾರೆ ಸಮಯದಲ್ಲಿ ಅವರಮ್ಮ ಮುಂದೆ ನಿಂತಿರೋ ಚೆನ್ನಾದ ಫೋಟೊ ಒಂದಿತ್ತು. ತೆರೆದರೆ ಮೇಲಿನ ಅರ್ಧ ಸರಿ, ಕೆಳಗಿನ ಅರ್ಧ ಬೂದು ಬಣ್ಣ. ಡಿಡಿರೆಸ್ಕ್ಯೂ ಓದೋಕೆ ಆಗದೆ ಬಿಟ್ಟ ಜಾಗ ಅಲ್ಲೇ ಬಿದ್ದಿತ್ತು. ಅದೇ ಫೋಲ್ಡರ್‌ನಲ್ಲಿ ಮುಂದೆ ಹೋದ್ರೆ ಊಟದ ಪಂಕ್ತಿ. ಬಾಳೆ ಎಲೆ ಮುಂದೆ ಕೂತು, ಬಡಿಸೋರಿಗೆ ಸಾಕು ಅಂತ ಕೈ ಅಡ್ಡ ಹಿಡಿದು ನಗ್ತಿರೋ ಫೋಟೊ. ಪೂರ್ತಿ ಇತ್ತು. ಅಂಕಲ್ ಅದನ್ನೇ ಮುಖ ಮಾತ್ರ ಬರೋ ಹಾಗೆ ಕತ್ತರಿಸಿ, ಬೆಳಕು ಸರಿ ಮಾಡಿ, ದೊಡ್ಡದು ಮಾಡಿದ್ರು. ಆ ಅಕ್ಕ ಬಂದು ನೋಡಿ, "ಕೈ ಯಾಕೆ ತೆಗೆದ್ರಿ ಅಣ್ಣ, ಅಮ್ಮ ಯಾವಾಗ್ಲೂ ಹಾಗೇ ಅಂತಿದ್ಲು, ಕೈ ಇರಲಿ" ಅಂದ್ರು. ಕೈ ಇರೋ ಹಾಗೆ ಇನ್ನೊಂದು ಪ್ರಿಂಟ್ ಹಾಕಿ ಕೊಟ್ರು.

ಬೇಲೂರಿನ ಚೆನ್ನಕೇಶವ ದೇವಸ್ಥಾನ ಪ್ರತಿಷ್ಠೆಯಾಗಿದ್ದು 1117ರಲ್ಲಿ. ಅಲ್ಲಿನ ಶಾಸನಗಳ ಅಕ್ಷರ ಇವತ್ತೂ ನಿಂತಿದೆ. 2011ರ ಫೋಟೊ ಹದಿನೈದು ವರ್ಷ ಉಳಿಯೋಕೆ ಒದ್ದಾಡ್ತು. ಡಿಸ್ಕ್ ಅನ್ನೋದು ಕಲ್ಲಲ್ಲ, ಆಗಾಗ ಹೊಸದಕ್ಕೆ ಬರೀತಾ ಇದ್ದರೆ ಮಾತ್ರ ಉಳಿಯುತ್ತೆ. ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನ, ಒಂದು ಬೇರೆ ಊರಲ್ಲಿ ಅನ್ನೋ ನಿಯಮ ಇದೆ. ನಮ್ಮದು ಈಗ ಒಂದು ಪಿಸಿಯಲ್ಲಿ, ಒಂದು ಹಳೇಬೀಡಿನವನ ಮನೆ ಬೀರುವಿನಲ್ಲಿ. ಮೂರನೇದು ಅಂಕಲ್ ಬೀರುವಿನ ಆ ಹಳೇ ಡಿಸ್ಕ್, ಅದನ್ನ ಲೆಕ್ಕಕ್ಕೆ ಇಡೋಕೆ ಧೈರ್ಯ ಬರ್ತಿಲ್ಲ. ಮುಂದಿನ ರಜೆಗೆ ಅರಸೀಕೆರೆ ಮನೆಗೂ ಒಂದು ಪ್ರತಿ ಹೋಗಬೇಕು.

ನಿಮ್ಮ ಮನೆ ಅಟ್ಟದ ಮೇಲೆ, ಅಂಗಡಿ ಟೇಬಲ್ ಕೆಳಗೆ "ಹೋಗಿದೆ" ಅಂತ ಬಿದ್ದಿರೋ ಕಂಪ್ಯೂಟರ್ ಇದ್ರೆ, ಏನು ಹೋಗಿದೆ ಅಂತ ಒಂದು ಸಲ ಕೇಳಿ. ಪರದೆ ಮಾತ್ರ ಅಂದ್ರೆ, ಮೊದಲು ಡಿಸ್ಕ್ ಬಿಚ್ಚಿ ಪ್ರತಿ ಮಾಡಿ, ಆಮೇಲೆ ಬ್ಯಾಟರಿ ಬದಲಿಸಿ. ಪಕ್ಕದಲ್ಲಿ ಒಳ್ಳೇ ಮನಸ್ಸಿನ ಜೆರಾಕ್ಸ್ ಅಂಗಡಿ ಇದೆಯಾ ಅಂತಲೂ ನೋಡಿಕೊಳ್ಳಿ.